ಸೆಂಟ್ರಿಂಗ್ ಯಾವತ್ತು ಬಿಚ್ತಾರೆ? ರಕ್ತನಾಳ ಬೆಳೆಸೋಕೆ ಹೊರಟವರ ಕಥೆ

ಇವತ್ತು ರಾಜರಿಲ್ಲ, ಕೋಟೆ ಇಲ್ಲ. ಇವತ್ತಿನ ಕಥೆ ನಮ್ಮಪ್ಪನ ಎಡಗೈಯಿಂದ ಶುರುವಾಗುತ್ತೆ.

ನಮ್ಮೂರು ಹರಿಹರ ತಾಲ್ಲೂಕಿನ ಭಾನುವಳ್ಳಿ. ಅಪ್ಪನಿಗೆ ಸ್ವಲ್ಪ ಗದ್ದೆ ಇದೆ. ಗದ್ದೆಯಲ್ಲಿ ಕೆಲಸ ಇಲ್ಲದ ತಿಂಗಳಲ್ಲಿ ಹರಿಹರ, ದಾವಣಗೆರೆ ಕಡೆ ಗಾರೆ ಕೆಲಸಕ್ಕೆ ಹೋಗ್ತಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ಈಗ ವಾರಕ್ಕೆ ಎರಡು ಸಲ ದಾವಣಗೆರೆಗೆ ಹೋಗೋದು ಡಯಾಲಿಸಿಸ್‌ಗೆ. ಅದಕ್ಕಾಗಿ ಅವರ ಮಣಿಕಟ್ಟಿನ ಹತ್ತಿರ ಒಂದು ಧಮನಿಯನ್ನೂ ಒಂದು ಅಭಿಧಮನಿಯನ್ನೂ ಕೂಡಿಸಿ ಹೊಲಿದಿದ್ದರು. ಫಿಸ್ಟುಲಾ ಅಂತಾರೆ. ಮನೇಲಿ ಡಯಾಲಿಸಿಸ್‌ನವರು ಇದ್ರೆ ನಿಮಗೆ ಗೊತ್ತಿರುತ್ತೆ, ಅದರ ಮೇಲೆ ಬೆರಳಿಟ್ಟರೆ ದೂರದಲ್ಲಿ ಪಂಪ್‌ಸೆಟ್ ಓಡ್ತಿರೋ ಹಾಗೆ ಝುಂ ಅನ್ನುತ್ತೆ. ಅಪ್ಪ ಬೆಳಿಗ್ಗೆ ಎದ್ದ ತಕ್ಷಣ ಕೈಯನ್ನ ಕಿವಿಗೆ ಹಿಡಿದು ಕೇಳೋರು. "ಮೋಟಾರ್ ಓಡ್ತೈತಿ" ಅನ್ನೋರು. ಆಮೇಲೇ ಚಹಾ.

ಒಂದು ದಿನ ಮೋಟಾರ್ ನಿಂತುಬಿಟ್ಟಿತ್ತು. ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕುತ್ತಿಗೆಗೆ ಒಂದು ಪೈಪ್ ಹಾಕಿ ತಾತ್ಕಾಲಿಕವಾಗಿ ಡಯಾಲಿಸಿಸ್ ಮುಂದುವರಿಸಿದರು. ಬಲಗೈ ನೋಡಿದರೆ ಅಲ್ಲಿನ ನಾಳಗಳು ತೀರಾ ಸಪೂರ. "ಪ್ಲಾಸ್ಟಿಕ್ ಗ್ರಾಫ್ಟ್ ಹಾಕಬೇಕಾಗುತ್ತೆ, ಯೋಚನೆ ಮಾಡಿ ಹೇಳಿ" ಅಂದರು ಡಾಕ್ಟರ್.

ಅದೇ ವಾರ ಅಪ್ಪನ ಮೊಬೈಲಿಗೆ ಒಂದು ರೀಲ್ ಬಂತು. "ನಿಮ್ಮದೇ ಸ್ಟೆಮ್ ಸೆಲ್‌ನಿಂದ ಹೊಸ ನರ ಬೆಳೆಸಿ ಕೊಡ್ತೀವಿ." ನಮ್ಮ ಕಡೆ ರಕ್ತನಾಳಕ್ಕೂ ನರ ಅಂತಲೇ ಅನ್ನೋದು. ಯಾವ ಊರಿನ ಯಾವ ಕ್ಲಿನಿಕ್ ಅನ್ನೋದು ಬೇಡ ಬಿಡಿ. ಫೋನ್ ಮಾಡಿದಾಗ ಹೇಳಿದ ರೇಟು ಆರು ಲಕ್ಷ. ಅಪ್ಪ ರಾತ್ರಿ ಊಟ ಮಾಡ್ತಾ ಮೆಲ್ಲಗೆ ಅಂದರು: "ಹತ್ತು ಗುಂಟೆ ಕೊಟ್ರೆ ಆಕತಿ."

ನಾನು ಹೇಳಿದೆ: "ಅಪ್ಪಾ, ಒಂದು ವಾರ ತಡಿ. ಇದೇನು ಅಂತ ಓದಿ ಹೇಳ್ತೀನಿ."

ಆ ವಾರದಲ್ಲಿ ಓದಿದ್ದನ್ನ, ಆಮೇಲೆ ಇನ್ನಷ್ಟು ಓದಿ ತಿಳಿದುಕೊಂಡದ್ದನ್ನ ಇವತ್ತು ನಿಮಗೆ ಹೇಳ್ತೀನಿ.

ಹೊಲಿಗೆಯಿಂದ ಶುರು

ದಾವಣಗೆರೆಯವರಿಗೆ ಬಟ್ಟೆ ಹೊಸದಲ್ಲ. ಹತ್ತಿ ಮಿಲ್‌ಗಳ ಕಾಲದಲ್ಲಿ ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ರಕ್ತನಾಳ ರಿಪೇರಿಯ ಇತಿಹಾಸ ಕೂಡ ದಾರ, ಸೂಜಿ, ಬಟ್ಟೆಯಿಂದಲೇ ಶುರುವಾಗೋದು.

1894. ಫ್ರಾನ್ಸಿನ ಲಿಯೋನ್ ನಗರ. ಅಧ್ಯಕ್ಷ ಸಾದಿ ಕಾರ್ನೋ ಅವರಿಗೆ ಒಬ್ಬ ಚಾಕು ಹಾಕಿದ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಕತ್ತರಿಸಿತ್ತು. ಅದನ್ನ ಹೊಲಿಯೋದು ಹೇಗೆ ಅಂತ ಆಗಿನ ಸರ್ಜನ್‌ಗಳಿಗೆ ಗೊತ್ತಿರಲಿಲ್ಲ. ದೇಶದ ಅಧ್ಯಕ್ಷರೇ ರಕ್ತ ಸೋರಿ ತೀರಿಕೊಂಡರು. ಅದೇ ಊರಲ್ಲಿ ಕಲಿಯುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್‌ಗೆ ಇದು ತಲೇಲಿ ಕೂತುಬಿಡ್ತು. ಲಿಯೋನ್ ರೇಷ್ಮೆಯ ಊರು. ಕ್ಯಾರೆಲ್ ಅಲ್ಲಿನ ಕಸೂತಿ ಹೆಂಗಸೊಬ್ಬರ ಹತ್ತಿರ ಸಣ್ಣ ಸೂಜಿ, ಸಣ್ಣ ದಾರದ ಕೆಲಸ ಕಲಿತರು. 1902ರಲ್ಲಿ ನಾಳದ ಬಾಯಿಯನ್ನ ಮೂರು ಕಡೆ ಎಳೆದು ತ್ರಿಕೋನ ಮಾಡಿಕೊಂಡು ಹೊಲಿಯೋ ವಿಧಾನ ಪ್ರಕಟಿಸಿದರು. 1912ರಲ್ಲಿ ನೊಬೆಲ್ ಬಂತು. ನಮ್ಮಪ್ಪನ ಫಿಸ್ಟುಲಾ ಹಾಕಿದ ಸರ್ಜನ್ ಕೈಲಿದ್ದ ವಿದ್ಯೆಯ ಬೇರು ಅಲ್ಲಿದೆ.

ಡಯಾಲಿಸಿಸ್ ಯಂತ್ರ ಬಂದದ್ದು ಎರಡನೇ ಮಹಾಯುದ್ಧದ ಮಧ್ಯೆ. 1943ರಲ್ಲಿ, ಜರ್ಮನರ ವಶದಲ್ಲಿದ್ದ ನೆದರ್ಲೆಂಡ್ಸ್‌ನ ಕಾಂಪೆನ್ ಅನ್ನೋ ಊರಲ್ಲಿ ವಿಲೆಮ್ ಕೋಲ್ಫ್ ಅನ್ನೋ ಡಾಕ್ಟರ್ ಸಾಸೇಜ್ ತುಂಬೋಕೆ ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನ ಒಂದು ಡ್ರಮ್ಮಿಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ, ಅದರೊಳಗೆ ರೋಗಿಯ ರಕ್ತ ಹರಿಸಿದರು. 1945ರಲ್ಲಿ ಮೊದಲ ರೋಗಿ ಬದುಕಿ ಉಳಿದರು.

ಇಲ್ಲಿ ಹರಿಹರದವರು ಸ್ವಲ್ಪ ನಿಲ್ಲಿ. ಸೆಲೋಫೇನ್ ಅಂದ್ರೆ ಏನು? ಮರದ ತಿರುಳನ್ನ ರಾಸಾಯನಿಕದಲ್ಲಿ ಕರಗಿಸಿ, ಉದ್ದನೆಯ ಸೀಳಿನಿಂದ ಹೊರಕ್ಕೆ ತಳ್ಳಿದರೆ ಸೆಲೋಫೇನ್ ಹಾಳೆ. ಅದೇ ಪಾಕವನ್ನ ಸೂಜಿಮೊನೆಯಂಥ ತೂತುಗಳಿಂದ ತಳ್ಳಿದರೆ ವಿಸ್ಕೋಸ್ ನೂಲು. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ತಯಾರಾಗ್ತಿರೋದು ಆ ತಿರುಳು, ಆ ನೂಲು. ಆ ಕಾರ್ಖಾನೆಗೂ ತುಂಗಭದ್ರೆಗೂ ಇರೋ ಜಗಳ ಇನ್ನೊಂದು ಕಂತಿನ ವಿಷಯ. ಇವತ್ತಿಗೆ ಇಷ್ಟು: ಮೊದಲ ಕೃತಕ ಕಿಡ್ನಿಯ ಕೊಳವೆ ಮತ್ತು ಹರಿಹರದ ನೂಲು, ಎರಡೂ ಒಂದೇ ಬಳಗ.

ಆದರೆ ಕೋಲ್ಫ್‌ಗೆ ಒಂದು ತೊಂದರೆ ಇತ್ತು. ಪ್ರತಿ ಸಲ ರಕ್ತ ಹೊರಗೆ ತರೋಕೆ ಒಂದೊಂದು ನಾಳ ಹಾಳಾಗ್ತಿತ್ತು. ನಾಳ ಮುಗಿದರೆ ಚಿಕಿತ್ಸೆಯೂ ಮುಗೀತು. 1966ರಲ್ಲಿ ನ್ಯೂಯಾರ್ಕಿನ ಬ್ರೆಶಿಯಾ, ಸಿಮಿನೋ ಮತ್ತು ಸಂಗಡಿಗರು ಫಿಸ್ಟುಲಾ ವಿಧಾನವನ್ನ ಪ್ರಕಟಿಸಿದರು. ಇವತ್ತಿಗೂ ಡಾಕ್ಟರ್‌ಗಳು ಸಾಮಾನ್ಯವಾಗಿ ಮೊದಲು ನೋಡೋದು ಅದನ್ನೇ. ಯಾಕೆ ಅಂದ್ರೆ ಅದು ರೋಗಿಯ ಸ್ವಂತ ನಾಳ. ಸ್ವಂತ ನಾಳ ಸೋತ ದಿನ ಏನು ಮಾಡೋದು ಅನ್ನೋದೇ ಪ್ರಶ್ನೆ.

ಬಟ್ಟೆ ಅಂಗಡಿಯ ರಕ್ತನಾಳ

ಅದಕ್ಕೆ ಉತ್ತರ ಹುಡುಕಾಟ ಆಗಲೇ ಶುರುವಾಗಿತ್ತು. 1947ರಲ್ಲಿ ಅಮೆರಿಕದ ಆರ್ಥರ್ ವೂರ್ಹೀಸ್ ಅನ್ನೋ ಯುವ ಸರ್ಜನ್, ನಾಯಿಯ ಹೃದಯದೊಳಗೆ ಉಳಿದುಹೋಗಿದ್ದ ರೇಷ್ಮೆ ದಾರವೊಂದನ್ನ ನೋಡಿದರು. ದಾರದ ಮೇಲೆ ಹೊಳೆಯೋ ತೆಳ್ಳನೆಯ ಪೊರೆ ಬೆಳೆದಿತ್ತು. ದೇಹ ಅದನ್ನ ತನ್ನದಾಗಿ ಮಾಡಿಕೊಂಡಿತ್ತು. ದಾರಕ್ಕೆ ಹೀಗಾದ್ರೆ ಬಟ್ಟೆಗೆ ಯಾಕಾಗಬಾರದು? ಪ್ಯಾರಾಚೂಟ್‌ಗೆ ಬಳಸುವಂಥ ಸಿಂಥೆಟಿಕ್ ಬಟ್ಟೆಯನ್ನ ಹೊಲಿಗೆ ಯಂತ್ರದಲ್ಲಿ ಕೊಳವೆ ಮಾಡಿ ನಾಯಿಗಳಿಗೆ ಹಾಕಿದರು. 1952ರಲ್ಲಿ ವರದಿ ಬಂತು.

ಆಮೇಲೆ ಹ್ಯೂಸ್ಟನ್‌ನ ಮೈಕೆಲ್ ಡಿಬೇಕಿ. ಅವರಿಗೆ ಹೊಲಿಗೆ ಕಲಿಸಿದ್ದು ಅವರ ತಾಯಿ. ನೈಲಾನ್ ತರೋಕೆ ಬಟ್ಟೆ ಅಂಗಡಿಗೆ ಹೋದರೆ ನೈಲಾನ್ ಖಾಲಿ. "ಹೊಸದು ಬಂದಿದೆ, ಡೇಕ್ರಾನ್, ತಗೊಳ್ಳಿ" ಅಂದರಂತೆ. ಡೇಕ್ರಾನ್ ಅಂದ್ರೆ ನಮ್ಮ ಪಾಲಿಯೆಸ್ಟರ್. 1954ರಲ್ಲಿ ಅದರ ಕೊಳವೆ ರೋಗಿಯ ದೇಹ ಸೇರಿತು. ಇವತ್ತಿಗೂ ಎದೆ, ಹೊಟ್ಟೆಯ ದೊಡ್ಡ ಧಮನಿ ಬದಲಿಸೋಕೆ ಪಾಲಿಯೆಸ್ಟರ್ ಇದೆ. 1969ರಲ್ಲಿ ಬಾಬ್ ಗೋರ್ ಬಿಸಿ ಟೆಫ್ಲಾನ್ ಕಡ್ಡಿಯನ್ನ ರಪ್ಪನೆ ಎಳೆದಾಗ ಅದು ತುಂಬ ಸಣ್ಣ ರಂಧ್ರಗಳ ವಸ್ತುವಾಗಿ ಹಿಗ್ಗಿತು. ಅದರಿಂದಲೂ ನಾಳ ಮಾಡಿದರು. ಅಪ್ಪನಿಗೆ ಡಾಕ್ಟರ್ ಹೇಳಿದ ಗ್ರಾಫ್ಟ್ ಇದೇ ಜಾತಿಯದ್ದು.

ಹಾಗಾದ್ರೆ ಸಮಸ್ಯೆ ಮುಗೀತಾ? ಇಲ್ಲ. ದೊಡ್ಡ ನಾಳಕ್ಕೆ ಸರಿ. ಸುಮಾರು 6 ಮಿಲಿಮೀಟರ್‌ಗಿಂತ ಸಣ್ಣ ನಾಳಕ್ಕೆ ಬಂದ ತಕ್ಷಣ ಪ್ಲಾಸ್ಟಿಕ್ ಸೋಲೋಕೆ ಶುರುವಾಗುತ್ತೆ. ನಮ್ಮ ನಾಳದ ಒಳಗೋಡೆಗೆ ಒಂದು ಪದರ ಜೀವಕೋಶ ಇದೆ. ರಕ್ತ ಹೆಪ್ಪುಗಟ್ಟದ ಹಾಗೆ ಕಾಯೋದು ಅದೇ. ಪ್ಲಾಸ್ಟಿಕ್ಕಿಗೆ ಆ ಕಾವಲು ಇಲ್ಲ. ನಿಜವಾದ ಧಮನಿ ಪ್ರತಿ ಬಡಿತಕ್ಕೂ ಹಿಗ್ಗುತ್ತೆ, ಪ್ಲಾಸ್ಟಿಕ್ ಬಿಗಿ. ಎರಡನ್ನೂ ಹೊಲಿದ ಜಾಗ ದಪ್ಪವಾಗ್ತಾ ಬಂದು ದಾರಿ ಕಟ್ಟುತ್ತೆ. ಸೋಂಕು ಹತ್ತಿದರೆ ಓಡಿಸೋದು ಕಷ್ಟ. ಮಕ್ಕಳಿಗೆ ಹಾಕಿದರೆ ಮಗು ಬೆಳೆಯುತ್ತೆ, ಕೊಳವೆ ಬೆಳೆಯಲ್ಲ.

ಕರಗೋ ದಾರ

ಇಲ್ಲಿಂದ ಯೋಚನೆ ತಿರುಗಿತು. ಶಾಶ್ವತವಾಗಿ ಇರೋ ವಸ್ತು ಬೇಡ. ದೇಹ ತನ್ನ ನಾಳ ತಾನೇ ಕಟ್ಟಿಕೊಳ್ಳೋವರೆಗೆ ನಿಂತು, ಆಮೇಲೆ ಕರಗಿಹೋಗೋ ವಸ್ತು ಬೇಕು.

ಕರಗೋ ವಸ್ತು ಸರ್ಜನ್‌ಗಳಿಗೆ ಹೊಸದಾಗಿರಲಿಲ್ಲ. ಕುರಿ, ದನದ ಕರುಳಿಂದ ಮಾಡಿದ ದಾರ ಶತಮಾನಗಳಿಂದ ಇತ್ತು. 1970ರ ಸುಮಾರಿಗೆ ಅಮೆರಿಕದಲ್ಲಿ ಪಾಲಿಗ್ಲೈಕಾಲಿಕ್ ಆಸಿಡ್ ಅನ್ನೋ ಕೃತಕ ದಾರ ಮಾರುಕಟ್ಟೆಗೆ ಬಂತು. ಇದು ದೇಹದ ನೀರಿನಲ್ಲೇ ಸಣ್ಣ ಸಣ್ಣ ತುಂಡಾಗಿ ಕರಗಿ ಹೋಗುತ್ತೆ. ಸಿಸೇರಿಯನ್ ಆದವರಿಗೆ "ಹೊಲಿಗೆ ತೆಗೆಸೋದು ಬೇಡ, ಕರಗುತ್ತೆ" ಅಂತಾರಲ್ಲ, ಈ ಬಳಗದ ದಾರಗಳು ಅವು.

1986ರಲ್ಲಿ ವೈನ್‌ಬರ್ಗ್ ಮತ್ತು ಬೆಲ್ ಅನ್ನೋರು ಕೊಲಾಜೆನ್ ಮತ್ತು ಜೀವಕೋಶ ಸೇರಿಸಿ ಲ್ಯಾಬ್‌ನಲ್ಲಿ ರಕ್ತನಾಳ ಮಾಡಿದರು. ನೋಡೋಕೆ ನಾಳದ ಹಾಗೇ ಇತ್ತು. ಆದರೆ ಬಲ ಸಾಲಲಿಲ್ಲ, ಸುತ್ತ ಡೇಕ್ರಾನ್ ಜಾಲರಿ ಹಾಕಬೇಕಾಯಿತು. 1993ರಲ್ಲಿ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ ಈ ಇಡೀ ವಿದ್ಯೆಯ ಬಗ್ಗೆ ಒಂದು ಹೆಸರಾಂತ ಲೇಖನ ಬರೆದರು. ಟಿಶ್ಯೂ ಎಂಜಿನಿಯರಿಂಗ್ ಅನ್ನೋ ಮಾತು ಎಲ್ಲ ಕಡೆ ಹರಡಿತು. 1999ರಲ್ಲಿ ಲಾರಾ ನಿಕ್ಲಾಸನ್ ಅದೇ ಹೊಲಿಗೆ ದಾರದ ಪಾಲಿಮರ್‌ನಿಂದ ಜಾಲರಿ ಕೊಳವೆ ಮಾಡಿ, ದನದ ಜೀವಕೋಶ ಬಿತ್ತಿ, ಹೃದಯ ಬಡಿದ ಹಾಗೆ ದ್ರವವನ್ನ ಮಿಡಿಸ್ತಾ 8 ವಾರ ಬೆಳೆಸಿದರು. ಅಂಥ ನಾಳಗಳನ್ನ ಹಂದಿಗಳಿಗೆ ಹಾಕಿದಾಗ ಕೆಲಸ ಮಾಡಿದವು. ಆ ಮಿಡಿತ ಇಲ್ಲದೆ ಬೆಳೆಸಿದ ನಾಳ ಅಷ್ಟು ಗಟ್ಟಿಯಾಗಲಿಲ್ಲ.

ಈ ಭಾಗ ಹೇಳಿದಾಗ ಅಪ್ಪ ಅಲ್ಲಿವರೆಗೆ ಸುಮ್ನೆ ಕೇಳ್ತಿದ್ದವರು ಎದ್ದು ಕೂತರು. ಸ್ಕ್ಯಾಫೋಲ್ಡ್ ಅಂದ್ರೆ ಸಾರುವೆ ಅಂತ ನಾನು ಹೇಳಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ:

"ಸೆಂಟ್ರಿಂಗ್ ಯಾವತ್ತು ಬಿಚ್ತಾರ?"

ಸ್ಲ್ಯಾಬ್ ಹಾಕಿದವರಿಗೆ ಗೊತ್ತಿರೋ ಪ್ರಶ್ನೆ ಇದು. ಬೇಗ ಬಿಚ್ಚಿದರೆ ಸ್ಲ್ಯಾಬ್ ಕೆಳಗೆ. ನನಗೆ ಆಶ್ಚರ್ಯ ಆಗಿದ್ದು ಏನು ಗೊತ್ತಾ? ಇಡೀ ವಿಜ್ಞಾನ ಈ 25 ವರ್ಷ ಗುದ್ದಾಡ್ತಿರೋದು ಅದೇ ಪ್ರಶ್ನೆಯ ಜೊತೆ. ಕೊಳವೆ ಬೇಗ ಕರಗಿದರೆ ರಕ್ತದ ಒತ್ತಡಕ್ಕೆ ಹೊಸ ನಾಳ ಉಬ್ಬುತ್ತೆ, ಒಡೆಯುತ್ತೆ. ತಡವಾಗಿ ಕರಗಿದರೆ ದೇಹ ಅದನ್ನ ಹೊರಗಿನ ವಸ್ತು ಅಂತ ಹಿಡಿದು ಸುತ್ತ ಗಾಯದ ಕಲೆ ಕಟ್ಟುತ್ತೆ, ದಾರಿ ಮುಚ್ಚುತ್ತೆ. ಸ್ಲ್ಯಾಬಿಗೆ ಇಷ್ಟು ದಿನ ಅಂತ ಲೆಕ್ಕ ಇದೆ. ದೇಹಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ.

ಮನುಷ್ಯರಲ್ಲಿ

ಮೊದಲ ದೊಡ್ಡ ಸುದ್ದಿ ಜಪಾನಿಂದ. ಹೃದಯದ ತೊಂದರೆಯೊಂದಿಗೆ ಹುಟ್ಟಿದ್ದ 4 ವರ್ಷದ ಹುಡುಗಿ. ಟೋಕಿಯೋದ ಶಿನೋಕಾ ತಂಡ ಆ ಮಗುವಿನದೇ ಅಭಿಧಮನಿಯ ಒಂದು ತುಂಡಿನಿಂದ ಜೀವಕೋಶ ಬೆಳೆಸಿ, ಕರಗೋ ಕೊಳವೆ ಮೇಲೆ ಬಿತ್ತಿ, ಶ್ವಾಸಕೋಶಕ್ಕೆ ಹೋಗೋ ಧಮನಿಯ ಜಾಗದಲ್ಲಿ ಇಟ್ಟಿತು. 2001ರಲ್ಲಿ ವರದಿ ಬಂತು. ಮುಂದೆ 25 ರೋಗಿಗಳಿಗೆ ಮೂಳೆಮಜ್ಜೆಯ ಜೀವಕೋಶ ಬಿತ್ತಿದ ಕೊಳವೆ ಹಾಕಿದರು. ವರ್ಷಗಳ ನಂತರ ನೋಡಿದಾಗ ಯಾವುದೂ ಒಡೆದಿರಲಿಲ್ಲ. ಆದರೆ ಕೆಲವು ಸಪೂರವಾಗಿದ್ದವು, ಬಲೂನ್ ಹಾಕಿ ಹಿಗ್ಗಿಸಬೇಕಾಯಿತು.

ಇದೇ ಕೊಳವೆಯ ಪ್ರಯೋಗ ಅಮೆರಿಕದಲ್ಲಿ ಕ್ರಿಸ್ಟೋಫರ್ ಬ್ರೂಯರ್ ತಂಡದ ಕೈಲಿ ಶುರುವಾದಾಗ ಮೊದಲ ನಾಲ್ವರಲ್ಲಿ ಮೂವರಿಗೆ ನಾಳ ಸಪೂರವಾಯಿತು. ತಂಡ ಪ್ರಯೋಗ ನಿಲ್ಲಿಸಿ ವಾಪಸ್ ಲ್ಯಾಬಿಗೆ ಹೋಯಿತು. ಅವರು 2010ರ ಹೊತ್ತಿಗೆ ಇಲಿಗಳಲ್ಲಿ ಒಂದು ವಿಚಿತ್ರ ಕಂಡಿದ್ದರು. ಬಿತ್ತಿದ ಜೀವಕೋಶಗಳು ಕೆಲವೇ ದಿನಗಳಲ್ಲಿ ಮಾಯ! ನಾಳ ಕಟ್ಟಿದ್ದು ಅವಲ್ಲ. ಅವು ದೇಹದ ಬಿಳಿರಕ್ತಕಣಗಳನ್ನ ಕರೆದು ಹೋಗಿದ್ದವು. ಬಂದ ಕಣಗಳು ಉರಿಯೂತ ಎಬ್ಬಿಸಿ, ಆ ಉರಿಯೂತದ ದಾರೀಲಿ ಪಕ್ಕದ ಸ್ವಂತ ನಾಳದ ಕೋಶಗಳು ಬಂದು ಕಟ್ಟಿದ್ದವು. ಉರಿಯೂತ ಸ್ವಲ್ಪ ಆದರೆ ನಾಳ, ಜಾಸ್ತಿ ಆದರೆ ಅಡಚಣೆ. 2020ರಲ್ಲಿ ಕುರಿಗಳಲ್ಲಿ ತೋರಿಸಿದರು: ಸಪೂರವಾದ ನಾಳ ಕೆಲವು ತಿಂಗಳಲ್ಲಿ ತಾನಾಗೇ ಮತ್ತೆ ಅಗಲವಾಗಬಹುದು. ಸೋತ ಪ್ರಯೋಗವನ್ನ ಮುಚ್ಚಿಡದೆ ಕೆದಕಿದ್ದರಿಂದ ಸಿಕ್ಕ ಉತ್ತರ ಅದು.

ಇನ್ನೊಂದು ದಾರಿ ನಿಕ್ಲಾಸನ್ ಅವರದ್ದು. ದಾನಿಗಳ ಜೀವಕೋಶವನ್ನ ಕರಗೋ ಜಾಲರಿಯ ಮೇಲೆ ಬೆಳೆಸಿ, ಜಾಲರಿ ಕರಗಿದ ಮೇಲೆ ಕೋಶಗಳನ್ನೂ ತೊಳೆದು ತೆಗೆದುಬಿಡೋದು. ಉಳಿಯೋದು ಕೊಲಾಜೆನ್ ಗೋಡೆ ಮಾತ್ರ. ಅದನ್ನ ಯಾರಿಗೆ ಬೇಕಾದರೂ ಹಾಕಬಹುದು. 2016ರಲ್ಲಿ ಅಮೆರಿಕ ಮತ್ತು ಪೋಲೆಂಡಿನ 60 ಡಯಾಲಿಸಿಸ್ ರೋಗಿಗಳ ಫಲಿತಾಂಶ ಪ್ರಕಟವಾಯಿತು. ಹೌದು, ನಮ್ಮಪ್ಪನಂಥವರೇ. ಉಕ್ರೇನಿನ ಯುದ್ಧದ ಗಾಯಾಳುಗಳಿಗೂ ಹಾಕಿದರು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಯಾವುದಕ್ಕೆ? ಕೈಕಾಲಿನ ಧಮನಿಗೆ ಪೆಟ್ಟು ಬಿದ್ದು, ಸ್ವಂತ ನಾಳ ಬಳಸೋಕೆ ಆಗದವರಿಗೆ ಮಾತ್ರ. ಅದೂ ನಾಳ ಕೈಕೊಡೋ ಅಪಾಯದ ಎಚ್ಚರಿಕೆ ಮೇಲೇ ಅಚ್ಚಾಗಿ. ಡಯಾಲಿಸಿಸ್ ಆ ಒಪ್ಪಿಗೆಯಲ್ಲಿ ಇರಲಿಲ್ಲ.

ಲೆಕ್ಕ ಹಾಕಿ. 1999ರ ಹಂದಿಗಳಿಂದ 2024ರ ಒಪ್ಪಿಗೆಗೆ 25 ವರ್ಷ. ಆ ರೀಲ್‌ನಲ್ಲಿ ಹೇಳಿದ್ದು 45 ದಿನ.

ಅವಸರ ಮಾಡಿದವರು

ಅವಸರ ಮಾಡಿದರೆ ಏನಾಗುತ್ತೆ ಅನ್ನೋದಕ್ಕೂ ಇತಿಹಾಸ ಇದೆ. ಅದು ರಕ್ತನಾಳದ್ದಲ್ಲ, ಶ್ವಾಸನಾಳದ್ದು. 2011ರಲ್ಲಿ ಸ್ವೀಡನ್ನಿನ ಹೆಸರಾಂತ ಕರೋಲಿನ್ಸ್ಕಾದಲ್ಲಿ ಪಾವೊಲೊ ಮಕ್ಕಿಯಾರಿನಿ ಅನ್ನೋ ಸರ್ಜನ್ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯ ಸ್ಟೆಮ್ ಸೆಲ್ ಹಚ್ಚಿ ಕೂರಿಸಿದರು. ಜಗತ್ತೆಲ್ಲ ಚಪ್ಪಾಳೆ. ಅಲ್ಲಿ ಅದನ್ನ ಹಾಕಿಸಿಕೊಂಡ ಮೂವರೂ ತೀರಿಕೊಂಡರು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ಅಷ್ಟು ದೊಡ್ಡ ಸಂಸ್ಥೆಯಲ್ಲೇ ಹೀಗಾದ್ರೆ, ಬೋರ್ಡು ಮಾತ್ರ ದೊಡ್ಡದಿರೋ ಕಡೆ ಕೇಳಬೇಕಾ?

ನಮ್ಮಲ್ಲಿ ಕೆಲಸ ನಡೀತಿಲ್ಲ ಅಂತಲ್ಲ. ಕರ್ನಾಟಕ ರೇಷ್ಮೆಯ ನಾಡು. ರೇಷ್ಮೆಯ ಅಂಟನ್ನ ಕುದಿಸಿ ತೆಗೆದರೆ ಉಳಿಯೋ ಫೈಬ್ರಾಯಿನ್ ಅನ್ನೋ ಪ್ರೋಟೀನ್ ದೇಹದಲ್ಲಿ ನಿಧಾನಕ್ಕೆ ಕರಗುತ್ತೆ, ಜೀವಕೋಶ ಅದರ ಮೇಲೆ ಚೆನ್ನಾಗಿ ಕೂರುತ್ತೆ. ಐಐಟಿ ಗುವಾಹಟಿಯ ತಂಡ ರೇಷ್ಮೆಯಿಂದ ಸಣ್ಣ ರಕ್ತನಾಳದ ಕೊಳವೆ ಮಾಡಿ ಮೊಲಗಳಲ್ಲಿ ಪರೀಕ್ಷೆ ಮಾಡಿದೆ. ಕ್ಯಾರೆಲ್‌ನ ರೇಷ್ಮೆ ದಾರ ಒಂದು ಸುತ್ತು ಹಾಕಿ ವಾಪಸ್ ಬಂದಿದೆ ಅನ್ನಿ. ಆದರೆ ಮೊಲದಿಂದ ಮನುಷ್ಯನಿಗೆ ಬರೋ ದಾರಿ ಎಷ್ಟು ಉದ್ದ ಅಂತ ಈಗ ನಿಮಗೂ ಗೊತ್ತು.

ಹತ್ತು ಗುಂಟೆ

ವಾರ ಮುಗಿದ ರಾತ್ರಿ ಅಪ್ಪನ ಮುಂದೆ ಮೂರು ಮಾತು ಇಟ್ಟೆ. ನಿಮಗೂ ಹೇಳ್ತೀನಿ, ಸ್ಕ್ರೀನ್‌ಶಾಟ್ ಬೇಕಾದ್ರೆ ಇಲ್ಲೇ ತಗೊಳ್ಳಿ.

ಒಂದು: ರಕ್ತದ ಕ್ಯಾನ್ಸರಿನಂಥ ಕೆಲವು ಕಾಯಿಲೆಗೆ ಮಾಡೋ ಮೂಳೆಮಜ್ಜೆ ಕಸಿ ಬಿಟ್ಟರೆ, ಸ್ಟೆಮ್ ಸೆಲ್ ಅನ್ನು ಪ್ರಯೋಗದ ಹೊರಗೆ ಚಿಕಿತ್ಸೆ ಅಂತ ಮಾರೋದು ತಪ್ಪು. ನಮ್ಮ ದೇಶದ 2017ರ ಮಾರ್ಗಸೂಚಿಯೇ ಹೀಗೆ ಹೇಳುತ್ತೆ. ಎರಡು: ಪ್ರಯೋಗ ಅಂತ ಹೇಳಿದರೆ ನೋಂದಣಿ ನಂಬರ್ ಕೇಳಿ. 2009ರಿಂದ ಭಾರತದಲ್ಲಿ ಅದು ಕಡ್ಡಾಯ, ಸಿಟಿಆರ್‌ಐ ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಮೂರು: ಇಂಥ ಪ್ರಯೋಗಕ್ಕೆ ಸೇರೋ ರೋಗಿ ದುಡ್ಡು ಕೊಡೋ ಹಾಗಿಲ್ಲ. ಆರು ಲಕ್ಷ ಕೇಳಿದರೆ ಅದು ಪ್ರಯೋಗ ಅಲ್ಲ, ವ್ಯಾಪಾರ.

ಕ್ಲಿನಿಕ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ನೋಂದಣಿ ನಂಬರ್ ಕೇಳಿದೆ. "ಸರ್, ನೀವು ಒಂದ್ಸಲ ಬನ್ನಿ, ಮಾತಾಡೋಣ" ಅಂದರು. ಅಪ್ಪ ನನ್ನ ಕೈಯಿಂದ ಫೋನ್ ತಗೊಂಡು ಕೇಳಿದರು: "ಅದು ಎಷ್ಟು ದಿನಕ್ಕೆ ಕರಗತೈತ್ರೀ?" ಆ ಕಡೆಯಿಂದ, "ಸರ್, ಅದೆಲ್ಲ ಡಾಕ್ಟರ್ ಹೇಳ್ತಾರೆ." ಅಪ್ಪ ಫೋನ್ ಇಟ್ಟರು. "ಸೆಂಟ್ರಿಂಗ್ ಬಿಚ್ಚೋ ದಿನ ಗೊತ್ತಿಲ್ದವ್ನ ಕೈಯಾಗ ಸ್ಲ್ಯಾಬ್ ಹಾಕಿಸ್ತಾರೇನೋ?"

ದಾವಣಗೆರೆಯಲ್ಲೇ ಪ್ಲಾಸ್ಟಿಕ್ ಗ್ರಾಫ್ಟ್ ಹಾಕಿಸಿದೆವು. ಒಂದು ಸಲ ಕಟ್ಟಿಕೊಂಡಿತ್ತು, ಕ್ಲಿಯರ್ ಮಾಡಿದರು. ಮತ್ತೆ ಕಟ್ಟಬಹುದು, ನಮಗೆ ಗೊತ್ತು. ಯುರೋಪಿನಲ್ಲಿ ಈಗ ಜೀವಕೋಶವನ್ನೇ ಬಿತ್ತದ, ಬರೀ ಕರಗೋ ಪಾಲಿಮರ್ ಕೊಳವೆಯನ್ನ ಡಯಾಲಿಸಿಸ್ ರೋಗಿಗಳಲ್ಲಿ ಪರೀಕ್ಷೆ ಮಾಡ್ತಿದ್ದಾರೆ ಅಂತ ಹೇಳಿದೆ. "ಆಗ್ಲಿ, ನನಗಲ್ದಿದ್ರೂ ಯಾರಿಗಾದ್ರೂ ಬರ್ಲಿ" ಅಂದರು. ಹತ್ತು ಗುಂಟೆಯಲ್ಲಿ ಈ ಸಲವೂ ಭತ್ತ ಹಾಕಿದ್ದಾರೆ.

ಗ್ರಾಫ್ಟ್ ಕೂಡ ಝುಂ ಅನ್ನುತ್ತೆ, ಸ್ವಲ್ಪ ಬೇರೆ ತರ. ಬೆಳಿಗ್ಗೆ ಕಿವಿಗೆ ಹಿಡಿಯೋ ಅಭ್ಯಾಸ ಹೋಗಿಲ್ಲ.

ಇಂಥ ರೀಲ್ ನಿಮ್ಮ ಮನೆಯ ಗ್ರೂಪಿಗೂ ಬಂದಿದ್ರೆ ಈ ಕಂತನ್ನ ಅಲ್ಲೇ ಹಾಕಿ.